ಅಜ್ಜಿಗೆ ತಿಳಿಯಬಾರದ ಮಾತು

ಹೋದ ತಿಂಗಳು ಒಂದು ಸಂಜೆ ಸದಾಶಿವನಗರದ ನಮ್ಮ ಮನೆಯಲ್ಲಿ ಕಾಫಿ ಹಿಡಿದು ಕೂತಿದ್ದಾಗ ಗುಬ್ಬಿಯಿಂದ ಚಿಕ್ಕಪ್ಪನ ಫೋನ್ ಬಂತು. ಅವರ ಮಂಡಿನೋವು, ಹೊಸ ಡಾಕ್ಟರು, ಮಳೆ ಎಂದು ಮಾತು ಎಂದಿನಂತೆ ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಸಾಗಿತ್ತು. ಆಮೇಲೆ ಅವರು ನಮ್ಮ ನೆಂಟರೊಬ್ಬರು ತೀರಿಕೊಂಡ ಸುದ್ದಿ ಹೇಳಿದರು. ನನಗೇ ಗೊತ್ತಿಲ್ಲದೆ ನನ್ನ ದನಿ ತಗ್ಗಿತು. ಬಾಯಲ್ಲಿದ್ದ ಇಂಗ್ಲಿಷ್ ಎಲ್ಲೋ ಕಳಚಿಬಿದ್ದು ಬರೀ ಕನ್ನಡ ಉಳಿಯಿತು. ಒಳಗೆ ಓದುತ್ತಿದ್ದ ಮಗಳು ಎದ್ದು ಬಂದು ಬಾಗಿಲಲ್ಲಿ ನಿಂತಳು. ಫೋನ್ ಇಡುವುದನ್ನೇ ಕಾದು, "ಯಾರು ಹೋದ್ರಮ್ಮ?" ಎಂದಳು. ನಿನಗೆ ಹೇಗೆ ಗೊತ್ತಾಯಿತು ಎಂದೆ. "ನೀನು ಮೆಲ್ಲಗೆ ಫುಲ್ ಕನ್ನಡದಲ್ಲಿ ಮಾತಾಡಿದ್ರೆ ಏನೋ ಬ್ಯಾಡ್ ನ್ಯೂಸ್ ಅಂತಾನೇ ಅರ್ಥ. ಚಿಕ್ಕವಳಿದ್ದಾಗಿಂದ ಗೊತ್ತು ನಂಗೆ" ಎಂದು ಹೇಳಿ ಒಳಗೆ ಹೋದಳು. ಕಾಫಿ ಆರಿಹೋಗುವವರೆಗೂ ನಾನು ಅಲ್ಲೇ ಕೂತಿದ್ದೆ. ತಗ್ಗಿದ ದನಿಯನ್ನು ಕೇಳಿ ಹೆದರುವುದನ್ನು ನಾನೂ ಮನೆಯಲ್ಲೇ ಕಲಿತಿದ್ದೆ. ಆದರೆ ನನ್ನನ್ನು ಹೆದರಿಸುತ್ತಿದ್ದ ಭಾಷೆ ಬೇರೆಯದು.

ನಮ್ಮ ಮನೆ ಇದ್ದದ್ದು ಬೆಳ್ಳಾವಿಯ ಹತ್ತಿರ. ಮುಂದೆ ರಾಗಿ ಹೊಲ, ಹಿಂದೆ ತೆಂಗಿನ ತೋಟ. ಮನೆಯ ಅಟ್ಟದ ತುಂಬ ಕೊಬ್ಬರಿಗೆಂದು ಒಣಗಲು ಬಿಟ್ಟ ಕಾಯಿಗಳಿರುತ್ತಿದ್ದವು. ತಿಂಗಳುಗಟ್ಟಲೆ ಬಿದ್ದಿದ್ದ ಕಾಯಿಯ ಒಳಗೆ ನೀರು ಬತ್ತಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಇಲಿ ಓಡಾಡಿದಾಗ ಲೊಟಲೊಟ ಎನ್ನುತ್ತಿತ್ತು. ಎಣ್ಣೆಯ, ಧೂಳಿನ, ಸ್ವಲ್ಪ ಮುಗ್ಗಿದ ಆ ವಾಸನೆ ನಮ್ಮ ಬಟ್ಟೆಗೂ ಕೂದಲಿಗೂ ಹತ್ತಿಕೊಂಡಿರುತ್ತಿತ್ತು. ಅಟ್ಟ ಇದ್ದ ಮನೆಯಲ್ಲಿ ಬೆಳೆದವರಾದರೆ ನಿಮಗೂ ಗೊತ್ತಿರುತ್ತದೆ, ಮೇಲೆ ಏನೋ ಉರುಳಿದಾಗ ಕೆಳಗಿನವರೆಲ್ಲ ಒಂದು ಗಳಿಗೆ ಮಾತು ನಿಲ್ಲಿಸಿ ಮೇಲೆ ನೋಡುವುದು. ನಮ್ಮ ಮನೆಯಲ್ಲಿ ಹಾಗೆ ಎಲ್ಲರೂ ಸುಮ್ಮನಾಗುತ್ತಿದ್ದದ್ದು ಎರಡೇ ಸದ್ದಿಗೆ. ಒಂದು ಅಟ್ಟದ ಕಾಯಿ ಉರುಳಿದ್ದಕ್ಕೆ, ಇನ್ನೊಂದು ಗಂಡಸರು ಇಂಗ್ಲಿಷಿಗೆ ತಿರುಗಿದ್ದಕ್ಕೆ.

ಆ ಭಾಷೆ ಮನೆಗೆ ತಂದವರು ತಾತ. ಗುಬ್ಬಿಯಲ್ಲಿ ಗುಮಾಸ್ತರಾಗಿದ್ದ ಅವರು ಕಚೇರಿಯಲ್ಲಿ ಕಲಿತ ಇಂಗ್ಲಿಷನ್ನು ಮನೆಯಲ್ಲಿ ಬಳಸುತ್ತಿದ್ದದ್ದು ಕೋಪ ಬಂದಾಗ ಮಾತ್ರವಂತೆ. ನಾನು ಅವರನ್ನು ನೋಡಿದ ನೆನಪಿಲ್ಲ. ತಾತನ ಬಾಯಿಂದ ಒಂದು ಇಂಗ್ಲಿಷ್ ಮಾತು ಹೊರಟರೆ ಎಮ್ಮೆ ಕೂಡ ಮೇಯುವುದನ್ನು ಬಿಟ್ಟು ತಲೆ ಎತ್ತುತ್ತಿತ್ತೆಂದು ಅಜ್ಜಿ ಹೇಳುತ್ತಿದ್ದಳು. ತಾತ ಹೋದ ಮೇಲೆ ಅದು ಅಪ್ಪನಿಗೂ ಚಿಕ್ಕಪ್ಪನಿಗೂ ಬಂತು. ಅಪ್ಪ ತುಮಕೂರಿನ ಆಫೀಸಿಗೆ ಹೋಗುತ್ತಿದ್ದರು, ಚಿಕ್ಕಪ್ಪ ಗುಬ್ಬಿಯಲ್ಲಿ ಮೇಷ್ಟರು. ಇಬ್ಬರೂ ಮೆದು ಸ್ವಭಾವದವರು, ಬೈಯಲು ಅವರಿಗೆ ಇಂಗ್ಲಿಷ್ ಬೇಕಿರಲಿಲ್ಲ. ಮುಚ್ಚಿಡಲು ಬೇಕಿತ್ತು. ಯಾರದೋ ಸಾವು, ಯಾವುದೋ ಮನೆಯ ಮದುವೆ ಮುರಿದದ್ದು, ಅಜ್ಜಿಗೂ ಅಮ್ಮನಿಗೂ ಮಕ್ಕಳಿಗೂ ತಿಳಿಯಬಾರದು ಎನಿಸಿದ್ದೆಲ್ಲ ನಡುಮನೆಯಲ್ಲಿ ಎಲ್ಲರ ಎದುರೇ, ಮೆಲುದನಿಯ ಇಂಗ್ಲಿಷಿನಲ್ಲಿ ಆಗಿಹೋಗುತ್ತಿತ್ತು. ಅಮ್ಮ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು ಇಬ್ಬರ ಮುಖವನ್ನು ಸರದಿಯ ಮೇಲೆ ನೋಡುತ್ತಿದ್ದಳು.

ಅಜ್ಜಿಗೆ ಮಾತ್ರ ಇಂಗ್ಲಿಷಿನ ಪರಿಚಯ ಇವರಿಗಿಂತ ಹಳೆಯದು. ಅವಳ ತವರು ಕುಣಿಗಲ್ ಕಡೆ. ಅವಳ ಅಪ್ಪ ಕುದುರೆ ಸಾಕುತ್ತಿದ್ದ ಒಬ್ಬ ಬಿಳಿ ದೊರೆಯ ಲಾಯದಲ್ಲಿ ಕೆಲಸಕ್ಕಿದ್ದನಂತೆ. "ಆ ಕುದ್ರೆಗಳಿಗೆ ಇಂಗ್ಲೀಸೇ ಆಗ್ಬೇಕು ಕಣೇ. ನಮ್ಮಪ್ಪ ಬಾ ಅಂದ್ರೆ ಬರ್ತಿರ್ಲಿಲ್ಲ, ಕಮ್ ಅಂದ್ರೆ ಬರೋವು" ಎಂದು ನಗುತ್ತಿದ್ದಳು. ಒಂದು ಸಲ ಆ ನಗುವಿನ ಹಿಂದೆಯೇ ಇನ್ನೊಂದು ಮಾತೂ ಹೇಳಿದಳು. "ಕಾಲು ಮುರ್ಕಂಡ ಕುದ್ರೆ ಇದ್ರೆ ದೊರೆ ಅದರ ಕತ್ತು ನೇವರಿಸ್ಕಂಡು ಮೆಲ್ಲಗೆ ಏನೇನೋ ಹೇಳ್ತಿದ್ದ. ಪ್ರೀತಿಯಿಂದಾನೇ ಹೇಳ್ತಿದ್ದ ಬುಡು. ಆಮೇಲೆ ಕೋವಿ ತರ್ಸೋನು." ಆ ದಿನದಿಂದ ಅಪ್ಪ ಮತ್ತು ಚಿಕ್ಕಪ್ಪ ದನಿ ತಗ್ಗಿಸಿದಾಗಲೆಲ್ಲ ನನಗೆ ಆ ಕುದುರೆ ಕಣ್ಣಿಗೆ ಬರುತ್ತಿತ್ತು.

ನನ್ನನ್ನು ತುಮಕೂರಿನ ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಿದ್ದರು. ಬೆಳಿಗ್ಗೆ ಅಪ್ಪನ ಜೊತೆ ಬಸ್ಸಿನಲ್ಲಿ ಹೋಗಿ ಸಂಜೆ ಅವರ ಜೊತೆಗೇ ಬರುತ್ತಿದ್ದೆ. ಶಾಲೆಯಲ್ಲಿ ಕಲಿತದ್ದನ್ನು ಅಜ್ಜಿಗೆ ಒಪ್ಪಿಸದೆ ನನಗೆ ಊಟ ಸೇರುತ್ತಿರಲಿಲ್ಲ. ಆಸ್ಪತ್ರೆ ಎನ್ನುವುದೂ ಲಾಟೀನು ಎನ್ನುವುದೂ ಇಂಗ್ಲಿಷಿನಿಂದ ಬಂದವು ಎಂದರೆ ಅವಳು ಒಪ್ಪುತ್ತಲೇ ಇರಲಿಲ್ಲ. "ಲಾಟೀನು ನಮ್ಮವ್ವನ ಮನೇಲೂ ಇತ್ತು, ಅದೆಂಗೆ ಇಂಗ್ಲೀಸಾಯ್ತದೆ" ಎನ್ನುತ್ತಿದ್ದಳು. ನಮ್ಮ ಮಿಸ್ ಒಬ್ಬರು ಪಾಠ ಬಿಟ್ಟು ಕಥೆಗೆ ಇಳಿಯುವವರು. ಒಂದು ದಿನ ಇಂಗ್ಲಿಷ್ ಎಲ್ಲಿಂದ ಬಂತೆಂಬ ಕಥೆ ಹೇಳಿದರು. ಮೊದಲು ಅದು ದೋಣಿಯಲ್ಲಿ ಸಮುದ್ರ ದಾಟಿ ಒಂದು ಚಳಿದ್ವೀಪಕ್ಕೆ ಬಂದ ಒರಟು ಜನರ ಮಾತಂತೆ. ಆಮೇಲೆ ಆಚೆ ದಡದ ದೊರೆಗಳು ಬಂದು ಗೆದ್ದರು, ಅವರ ಭಾಷೆ ಫ್ರೆಂಚು. ನೂರಾರು ವರ್ಷ ಅರಮನೆಯಲ್ಲಿ, ನ್ಯಾಯದ ಕಟ್ಟೆಯಲ್ಲಿ ನಡೆಯುತ್ತಿದ್ದದ್ದು ಅಲ್ಲಿನ ಬೇಸಾಯದವರಿಗೆ ತಿಳಿಯದ ಮಾತು. ಅದಕ್ಕೇ ಕೊಟ್ಟಿಗೆಯಲ್ಲಿರುವ ದನಕ್ಕೆ ಒಕ್ಕಲಿನವರ ಹೆಸರು ‘ಕೌ’, ಅದೇ ದೊರೆಯ ತಟ್ಟೆಗೆ ಬಂದರೆ ದೊರೆಯ ಭಾಷೆಯ ಹೆಸರು ‘ಬೀಫ್’. ಕೊನೆಗೆ ಒಕ್ಕಲಿನವರ ಮಾತೇ ದೊರೆಗಳ ಮಾತುಗಳನ್ನು ನುಂಗಿ ಕೊಬ್ಬಿ, ಹಡಗು ಹತ್ತಿ ಹೊರಟಿತು. ಎಲ್ಲಿಗೆ ಹೋದರೂ ಅಲ್ಲಿನ ಮಾತುಗಳನ್ನು ತಿನ್ನುತ್ತಾ ಹೋಯಿತು. ಮಿಸ್ ಬೋರ್ಡಿನ ಮೇಲೆ ಎರಡು ಪದ ದೊಡ್ಡದಾಗಿ ಬರೆದರು. ಒಂದು ‘ಗ್ರೋತ್’, ಒಂದು ‘ಸ್ಪ್ರೆಡ್’. ಗಿಡ ಬೆಳೆದ ಹಾಗೆ ಬೆಳೆಯುವುದು ಗ್ರೋತ್, ಬಳ್ಳಿ ಹಬ್ಬಿದ ಹಾಗೆ ಹರಡುವುದು ಸ್ಪ್ರೆಡ್ ಎಂದು ಬಿಡಿಸಿ ಹೇಳಿದರು. ಸಂಜೆ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅಜ್ಜಿಗೆ ಇಡೀ ಕಥೆ ಒಪ್ಪಿಸಿದೆ. ಅವಳು ಕೇಳಿ, "ಅಂಗಾದ್ರೆ ಅವ್ರ ದೇಸದಲ್ಲೂ ಮನೆಯೋರಿಗೆ ಗೊತ್ತಾಗ್ದಂಗೆ ಮಾತಾಡ್ಕಳೋರು ಇದ್ರು ಅನ್ನು" ಎಂದಳಷ್ಟೆ.

ಆ ವರ್ಷವೇ ಅವಳಿಗೆ ಊಟ ಸೇರದಾಯಿತು. ಮುದ್ದೆ ಅರ್ಧಕ್ಕೆ ಬಿಟ್ಟು ಏಳುತ್ತಿದ್ದಳು. ಸೀರೆಯ ನೆರಿಗೆ ದಿನದಿಂದ ದಿನಕ್ಕೆ ಹೆಚ್ಚಾಗುತ್ತಿತ್ತು. ಅಪ್ಪ ಅವಳನ್ನು ತುಮಕೂರಿನ ಡಾಕ್ಟರಲ್ಲಿಗೆ ಕರೆದೊಯ್ದು, ಆಮೇಲೆ ಏನೇನೋ ಪರೀಕ್ಷೆ ಮಾಡಿಸಿದರು. ಅದರ ಫಲ ಬಂದ ದಿನ ಚಿಕ್ಕಪ್ಪನೂ ಗುಬ್ಬಿಯಿಂದ ಬಂದಿದ್ದರು. ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದಳು, ನಾನು ಅವಳ ಮಗ್ಗುಲಲ್ಲಿ ಕಾಪಿ ಬರೆಯುತ್ತಿದ್ದೆ. ಅಪ್ಪ ದನಿ ತಗ್ಗಿಸಿ ಇಂಗ್ಲಿಷಿಗೆ ತಿರುಗಿದರು. ಚಿಕ್ಕಪ್ಪ ನೆಲ ನೋಡುತ್ತಾ ಏನೋ ಕೇಳಿದರು, ಅಪ್ಪ ತಲೆಯಾಡಿಸಿದರು. ಮೊದಲ ಬಾರಿಗೆ ಆ ಗುಸುಗುಸುವಿನೊಳಗಿಂದ ನನಗೆ ಗೊತ್ತಿದ್ದ ಮಾತುಗಳು ಹೊರಬಂದವು. ಕತ್ತಲೆ ಕೋಣೆಯಲ್ಲಿ ಕಣ್ಣು ಹೊಂದಿಕೊಂಡು ಒಂದೊಂದೇ ಸಾಮಾನು ಕಾಣತೊಡಗಿದ ಹಾಗಿತ್ತು. ಹೆಮ್ಮೆಯಿಂದ ನನಗೆ ಮೈಯೆಲ್ಲ ಬಿಸಿಯಾಯಿತು.

ಅವರಿಬ್ಬರೂ ತೋಟದ ಕಡೆ ಹೋದ ಮೇಲೆ ಅಜ್ಜಿ ನನ್ನ ಕಡೆ ತಿರುಗದೆಯೇ ಕೇಳಿದಳು. "ಏನಂದ್ರೇ ಅವ್ರು? ನಿಂಗೆ ತಿಳೀತೇನೇ?"

"ನಿನ್ನ ಹೊಟ್ಟೇಲಿ ಗ್ರೋತ್ ಇದೆಯಂತೆ ಅಜ್ಜಿ" ಎಂದೆ. "ಅಂದ್ರೆ ಬೆಳೀತಾ ಇದೆ ಅಂತ. ಗಿಡದ ತರ."

"ಹೂಂ. ಇನ್ನೇನಂದ್ರು?"

"ಸ್ಪ್ರೆಡ್ ಆಗಿದೆ ಅಂದ್ರು. ಅಂದ್ರೆ ಹರಡ್ಕೊಂಡಿದೆ. ನಮ್ಮ ಮಿಸ್ ಹೇಳ್ಕೊಟ್ಟಿದ್ರಲ್ಲ, ಬಳ್ಳಿ ಹಬ್ಬಿದ ಹಾಗೆ. ಆಮೇಲೆ, ಅಮ್ಮಂಗೆ ಹೇಳೋದು ಬೇಡ ಅಂದ್ರು."

ಬೆಳೆಯುವುದು, ಹರಡುವುದು ಎಂದರೆ ಒಳ್ಳೆಯದೇ ಇರಬೇಕೆಂದೂ ಅವರು ಹೇಳಿದ ಅಮ್ಮ ಎಂದರೆ ನನ್ನ ಅಮ್ಮನೆಂದೂ ನಾನು ತಿಳಿದಿದ್ದೆ. ಅಜ್ಜಿ ಮೆಚ್ಚುತ್ತಾಳೆಂದು ಮುಖ ನೋಡಿದೆ. ಅವಳು ಕಾಲು ಚಾಚಿ, ಅಂಗೈಯನ್ನು ಹೊಟ್ಟೆಯ ಮೇಲಿಟ್ಟು, ಬಾಗಿಲಾಚೆ ಒಣಗಲು ಹಾಕಿದ್ದ ರಾಗಿಯನ್ನು ನೋಡುತ್ತಾ ಕೂತಳು. ಕೋಳಿಯೊಂದು ಬಂದು ರಾಗಿಗೆ ಬಾಯಿ ಹಾಕಿತು, ಅವಳು ಓಡಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ತಲೆ ಸವರಿ, "ಚೆಂದಾಗಿ ಹೇಳ್ದೆ. ನಂಗೆ ಹೇಳ್ದೆ ಅಂತ ನಿಮ್ಮಪ್ಪಂಗೆ ಹೇಳ್ಬೇಡ. ಅವನು ನೊಂದ್ಕತಾನೆ" ಎಂದಳು.

ಆ ವಾರವೇ ಅವಳು ತಂಗಿಯನ್ನು ನೋಡಬೇಕೆಂದಳು. ಅಪ್ಪ, ಅಮ್ಮ ಇಬ್ಬರೂ ಬೆರಗಾದರು. ಕುಣಿಗಲ್ಲಿನಲ್ಲಿದ್ದ ಆ ತಂಗಿಯ ಹೆಸರನ್ನು ಅಜ್ಜಿ ವರ್ಷಗಳಿಂದ ಬಾಯಲ್ಲಿ ಹೇಳಿರಲಿಲ್ಲ. ಅವರ ಅಪ್ಪ ಸತ್ತಾಗ ತಂಗಿ ಹೊತ್ತಿಗೆ ಸರಿಯಾಗಿ ಹೇಳಿ ಕಳಿಸಲಿಲ್ಲ, ಅಜ್ಜಿ ಹೋಗಿ ಮುಟ್ಟುವ ಹೊತ್ತಿಗೆ ಮಣ್ಣಾಗಿತ್ತು. ಅಲ್ಲಿಂದಾಚೆ ಮಾತಿಲ್ಲ. ಈಗ ಅಪ್ಪ ಮತ್ತು ಚಿಕ್ಕಪ್ಪ ಮತ್ತೆ ಇಂಗ್ಲಿಷಿನಲ್ಲಿ ಮಾತಾಡಿಕೊಂಡು, ಹೋಗಲಿ ಎಂದು ತೀರ್ಮಾನಿಸಿದರು. ಅಜ್ಜಿ ಏನೂ ತಿಳಿಯದವಳ ಹಾಗೆ ಅವರ ಬಾಯನ್ನೇ ನೋಡುತ್ತಿದ್ದಳು. "ಈ ಕೂಸು ಜೊತೇಲಿದ್ರೆ ಸಾಕು" ಎಂದು ನನ್ನನ್ನೇ ಕರೆದುಕೊಂಡಳು. ತುಮಕೂರಿನಲ್ಲಿ ಅಪ್ಪ ನಮ್ಮನ್ನು ಕುಣಿಗಲ್ ಬಸ್ಸಿಗೆ ಹತ್ತಿಸಿ, ಬಸ್ಸು ತಿರುಗುವವರೆಗೂ ನಿಂತಿದ್ದರು.

ಅಕ್ಕ ಬಂದದ್ದನ್ನು ನೋಡಿ ಆ ತಂಗಿ ಅಜ್ಜಿ ಹೊಸಿಲಲ್ಲೇ ನಿಂತುಬಿಟ್ಟಳು. ನೀರು ಕೊಟ್ಟಳು, ಮಾತಾಡಲಿಲ್ಲ. ಊಟ ಬಡಿಸಿದಳು, ಆಗಲೂ ಇಲ್ಲ. ಇಳಿಹೊತ್ತಿಗೆ ಅಜ್ಜಿಯೇ, "ನಡೀ, ಕೆರೆ ನೋಡ್ಕಂಡು ಬರಾನ" ಎಂದಳು. ಏರಿಯ ಕಲ್ಲಿನ ಮೇಲೆ ಇಬ್ಬರೂ ಕೂತರು, ನಾನು ಸ್ವಲ್ಪ ಕೆಳಗೆ ಕೂತು ಕಲ್ಲೆಸೆಯುತ್ತಿದ್ದೆ. ಕೆರೆ ತುಂಬಿತ್ತು. ನೀರು ಬೂದಿಬಣ್ಣಕ್ಕೆ ತಿರುಗಿ, ಆಚೆ ದಡ ಕಾಣದೆ, ಗಾಳಿ ಬಿದ್ದುಹೋಗಿತ್ತು.

"ನಂಗೆ ಹೊಟ್ಟೇಲಿ ಗಡ್ಡೆ ಆಗೈತೆ ಕಣೇ" ಎಂದಳು ಅಜ್ಜಿ. "ಬೆಳ್ಕಂಡೈತೆ, ಮೈಯೆಲ್ಲ ಹಬ್ಬೈತೆ. ಇನ್ನು ನಾನು ಉಳಿಯಲ್ಲ."

ತಂಗಿ ಅಜ್ಜಿ, "ಯಾರಂದ್ರು?" ಎಂದಳು. ಅಷ್ಟು ಹೊತ್ತಿನಲ್ಲಿ ಅವಳಾಡಿದ ಮೊದಲ ಮಾತು ಅದು.

"ಯಾರೋ ಅಂದ್ರು ಬುಡು. ಅಪ್ಪ ಸತ್ತಾಗ ನೀನು ನಂಗೆ ಹೇಳ್ಲಿಲ್ಲ ಅಂತ ಇಷ್ಟು ಕಾಲ ಮುನಿಸ್ಕಂಡಿದ್ದೆ. ನನ್ನ ಸಾವು ನಿಂಗೆ ಯಾರ ಬಾಯಿಂದಾನೋ ಗೊತ್ತಾಗೋದು ಬ್ಯಾಡ ಅನ್ನಿಸ್ತು. ಅದ್ಕೇ ನಾನೇ ಬಂದು ಹೇಳ್ತಿದೀನಿ."

ತಂಗಿ ಅಜ್ಜಿ ಅಳಲಿಲ್ಲ. ಅಕ್ಕನ ಕೈಯನ್ನು ಎಳೆದುಕೊಂಡು ತನ್ನ ಮಡಿಲಲ್ಲಿಟ್ಟುಕೊಂಡಳು. ನನ್ನ ಕೈಲಿದ್ದ ಕಲ್ಲು ಕೈಯಲ್ಲೇ ಉಳಿಯಿತು. ನಾನೇ ಅಜ್ಜಿಗೆ ಹೇಳಿದ್ದ ಮಾತು ಅದು. ಆದರೆ ಅದು ಏನೆಂದು ನನಗೆ ತಿಳಿದದ್ದು ಅಜ್ಜಿಯ ಬಾಯಿಂದ, ಅವಳ ಕನ್ನಡದಲ್ಲಿ ಕೇಳಿದಾಗ. ಮರುದಿನ ಬಸ್ಸಿನಲ್ಲಿ ಅವಳ ತೊಡೆಯ ಮೇಲೆ ಮಲಗಿ, ಅವಳ ಹೊಟ್ಟೆಗೆ ನನ್ನ ತಲೆ ತಾಗದ ಹಾಗೆ ದಾರಿಯುದ್ದಕ್ಕೂ ಕತ್ತು ಬಿಗಿಹಿಡಿದಿದ್ದೆ.

ಆಮೇಲಿನ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಇಂಗ್ಲಿಷ್ ಹೆಚ್ಚಾಯಿತು. ಬಂದ ನೆಂಟರಿಗೂ ಅಪ್ಪ ಬಾಗಿಲಲ್ಲೇ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿ ಒಳಗೆ ಬಿಡುತ್ತಿದ್ದರು. ಇಂಗ್ಲಿಷ್ ಬಾರದವರು ಬಂದರೆ ತೋಟದ ಕಡೆ ಕರೆದೊಯ್ಯುತ್ತಿದ್ದರು. ಅಜ್ಜಿಯ ಮಂಚದ ಎರಡು ಪಕ್ಕ ನಿಂತು ಅಣ್ಣತಮ್ಮಂದಿರು ಅವಳ ಮೈಮೇಲಿಂದ ಮಾತಾಡಿಕೊಳ್ಳುವರು. ಅವಳು ಚಾವಣಿ ನೋಡುತ್ತಾ ಮಲಗಿರುವಳು. ಮೇಲೆ ಅಟ್ಟದಲ್ಲಿ ಕಾಯಿ ಲೊಟಲೊಟ ಎನ್ನುವುದು. ಅಮ್ಮ, "ನೋಯ್ತದಾ ಅತ್ತೆ?" ಎಂದರೆ ಇಲ್ಲ ಎನ್ನುವಳು. ತನಗೆ ಗೊತ್ತಿಲ್ಲವೆಂದು ಮಕ್ಕಳು ನಂಬಿರುವಾಗ ಅವಳು ನೋವೆನ್ನುವುದಾದರೂ ಹೇಗೆ. ಅವಳು ಮತ್ತೆ ನನ್ನನ್ನು ಏನೂ ಕೇಳಲಿಲ್ಲ. ಆದರೆ ನಾನು ಶಾಲೆಯಿಂದ ಬಂದು ಪಕ್ಕದಲ್ಲಿ ಕೂತಾಗ ನನ್ನ ಕೈ ಹಿಡಿದುಕೊಳ್ಳುವಳು. ಆ ಹಿಡಿತ ಒಮ್ಮೊಮ್ಮೆ ಬಿಗಿಯಾಗುವುದು, ಬಿಗಿಯಾಗಿಯೇ ಇರುವುದು. ನನ್ನ ಬೆರಳು ಬಿಳಿಚಿಕೊಂಡರೂ ನಾನು ಕೈ ಬಿಡಿಸಿಕೊಳ್ಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಚಿಕ್ಕಪ್ಪ ಬಂದು ಅಜ್ಜಿಯ ಕಾಲು ಮುಟ್ಟಿ ನೋಡಿದರು. ಅಪ್ಪನ ಕಡೆ ತಿರುಗಿ, ದನಿ ತಗ್ಗಿಸಿ, ಕುಣಿಗಲ್ಲಿಗೆ ಇನ್ಫಾರ್ಮ್ ಮಾಡಬೇಕಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಪ್ಪ ಉತ್ತರಕ್ಕೆ ಬಾಯಿ ತೆರೆದಿದ್ದರು.

"ಕುಣಿಗಲ್ಗೆ ನಾನೇ ಹೇಳಿ ಬಂದಿದೀನಿ" ಎಂದಳು ಅಜ್ಜಿ, ಕಣ್ಣು ಮುಚ್ಚಿಕೊಂಡೇ. "ಬರಕ್ಕೆ ಹೇಳಿ ಕಳ್ಸಿ, ಅಷ್ಟೇಯ."

ಚಿಕ್ಕಪ್ಪ ಗೋಡೆಗೆ ಒರಗಿದರು. ಅಪ್ಪ ನನ್ನ ಕಡೆ ಒಮ್ಮೆ ನೋಡಿದರು. ಅವರಿಗೆ ತಿಳಿಯಿತೆಂದು ನನಗೂ ತಿಳಿಯಿತು, ಆದರೆ ಆಗಲೂ ಆಮೇಲೂ ಅವರು ಅದರ ಬಗ್ಗೆ ಒಂದು ಮಾತು ಕೇಳಲಿಲ್ಲ. ಅವರು ಮಂಚದ ಅಂಚಿಗೆ ಕೂತು, ಚಿಕ್ಕ ಹುಡುಗನ ಹಾಗೆ ಅವಳ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ನೋಯ್ತಾ ಇದೆಯೇನಮ್ಮ?" ಎಂದರು.

"ನೋಯ್ತದೆ ಕಣಪ್ಪ" ಎಂದಳು ಅಜ್ಜಿ. "ಬಾಳ ನೋಯ್ತದೆ."

ಅದಾದ ಮೇಲೆ ಆ ಕೋಣೆಯಲ್ಲಿ ಯಾರೂ ಇಂಗ್ಲಿಷ್ ಆಡಲಿಲ್ಲ. ಕುಣಿಗಲ್ಲಿನ ತಂಗಿ ಹೊತ್ತಿಗೆ ಸರಿಯಾಗಿ ಬಂದಳು. ಇನ್ನೂ ಉಸಿರಿದ್ದ ಅಕ್ಕನಿಗೆ ಎರಡು ದಿನ ಬಾಯಿಗೆ ನೀರು ಬಿಟ್ಟಳು. ತೋಟದ ಮೂಲೆಯಲ್ಲಿ ಅಜ್ಜಿಯನ್ನು ಮಣ್ಣು ಮಾಡಿದಾಗ ಮೊದಲ ಹಿಡಿ ಹಾಕಿದವಳೂ ಅವಳೇ.

ಈಗ ಆ ಮನೆಯೂ ಇಲ್ಲ, ಆ ಅಟ್ಟವೂ ಇಲ್ಲ. ಅಪ್ಪ ತೀರಿಕೊಂಡೂ ಬಹಳ ವರ್ಷಗಳಾದವು. ತುಮಕೂರಿಗೆ ಬಂದ ಮೇಲೆ ಅಮ್ಮ ಕೂಡ ಟಿ.ವಿ. ನೋಡಿ, ಮೊಮ್ಮಗಳ ಜೊತೆ ಮಾತಾಡಿ, ತನಗೆ ಬೇಕಾದಷ್ಟು ಇಂಗ್ಲಿಷ್ ಕಲಿತಳು. ಅಂಗಡಿಯವನು, ಆಟೋದವನು, ಮನೆಗೆ ಹಾಲು ತರುವವಳು, ಎಲ್ಲರ ಬಾಯಲ್ಲೂ ಅದು ಕನ್ನಡದ ಜೊತೆ ಬೆರೆತು ಹೋಗಿದೆ, ಯಾರಿಗೂ ಅದು ಬೇರೆಯವರ ಮಾತು ಅನ್ನಿಸುವುದಿಲ್ಲ. ನಮ್ಮ ವಂಶದಲ್ಲಿ ಇಂಗ್ಲಿಷ್ ಬಾರದೆ ಬದುಕಿ, ಇಂಗ್ಲಿಷ್ ಬಾರದೆ ಸತ್ತವಳು ಅಜ್ಜಿಯೇ ಕೊನೆ.