ತೀರ್ಥದ ಜೊತೆಗೊಂದು ಮಾತ್ರೆ

"ಲಿವರ್ ಸುಧಾರಿಸಿದೆ. ಆದ್ರೆ ಇದು ಬರೀ ಮಾತ್ರೆ ಕೆಲಸ ಅಲ್ಲ. ಕುಡಿಯೋದು ಹೆಂಗ್ ಬಿಟ್ರಿ?" ಚಾಮರಾಜನಗರದ ಡಾಕ್ಟರು ನಮ್ಮ ಯಜಮಾನರನ್ನು ಕೇಳಿದಾಗ ನಾನೂ ಕಿವಿಗೊಟ್ಟೆ. ಕೇಳಿದರೆ ಎಲ್ಲಿ ಮತ್ತೆ ಕುಡಿತ ಶುರುವಾಗುತ್ತದೋ ಎಂದು ನಾನು ಅದುವರೆಗೆ ಕೇಳಿರಲಿಲ್ಲ.

ಡಾಕ್ಟರ ಒಪ್ಪಿಗೆ ಪಡೆದೇ ಗುಂಡ್ಲುಪೇಟೆಯಲ್ಲಿ ಮಿಲ್ಕ್ ಥಿಸಲ್ ಎಂಬ ಗಿಡಮೂಲಿಕೆಯ ಮಾತ್ರೆ ಕೊಂಡಿದ್ದೆ. ದಿನಾ ಸಂಜೆ ದೀಪ ಹಚ್ಚಿ, ಮನೆದೇವರು ಮಾದಪ್ಪನ ಪಟದ ಮುಂದೆ ಇವರನ್ನು ಕೂರಿಸಿ, ತೀರ್ಥದ ಜೊತೆ ಕೊಡುತ್ತಿದ್ದೆ.

"ಬ್ರಾಂದಿ ಅಂಗ್ಡಿಗೆ ಓಗ್ತಿದ್ದದ್ದೂ ದೀಪ ಅಚ್ಚೋ ಒತ್ಗೆ ಸಾ. ಇವ್ಳು ತೀರ್ಥ ಕೊಟ್ಬುಡೋಳು. ಆ ಬಾಯ್ಗೆ ಇನ್ನೊಂದ್ನ ಎಂಗ್ ಉಯ್ಕಳದು?" ಎಂದರು ಇವರು.

ಮೊನ್ನೆ ಮಾತ್ರೆ ಮುಗಿಯಿತು. ದೀಪ ಹಚ್ಚುವ ಹೊತ್ತಿಗೆ ಇವರು ತಾವೇ ಕೈಕಾಲು ತೊಳೆದು ಬಂದು ಕೂತು, ತೀರ್ಥಕ್ಕೆ ಅಂಗೈ ಚಾಚಿದರು. ಮಾದಪ್ಪ ಕೊಟ್ಟ ಇಷ್ಟು ನನಗೆ ಸಾಕು.