ಗೋಡೆಯಾಚೆಗೆ ಕೇಳಿದ ರೊಟ್ಟಿ

ನಮ್ಮ ಕಡೆ ಜೋಳದ ರೊಟ್ಟಿಯನ್ನು ಗುಟ್ಟಾಗಿ ಮಾಡಲು ಬರುವುದಿಲ್ಲ. ಹಿಟ್ಟಿನ ಉಂಡೆಯನ್ನು ಅಂಗೈಯಿಂದ ಬಡಿದೇ ಅಗಲ ಮಾಡಬೇಕು. ಆ ಸಪ್ಪಳ ಗೋಡೆ ದಾಟಿ ಪಕ್ಕದ ಮನೆಗೆ ಹೋಗಿಯೇ ತೀರುತ್ತದೆ. ಔರಾದ ಕಡೆಯಿಂದ ನಾನು ಭಾಲ್ಕಿಗೆ ಸೊಸೆಯಾಗಿ ಬಂದಾಗ ಅತ್ತೆ, 'ಇಕಿ ಕೈ ಭಾಳ ಭಾರ' ಎಂದರು. ಅದು ಹೊಗಳಿಕೆಯೋ ಬೈಗುಳವೋ ಎಂದು ತಿಂಗಳುಗಟ್ಟಲೆ ಚಿಂತಿಸಿದೆ. ಚಿಂತೆಗೆ ಕಾರಣ ಸಿಗದ ದಿನವೇ ನನಗೆ ಹೆಚ್ಚು ಚಿಂತೆ. ಆಗಲೂ ಹಾಗೆ, ತಲೆ ನೆರೆಯತೊಡಗಿರುವ ಈಗಲೂ ಹಾಗೆ.

ಆ ವರ್ಷ ಮಾತ್ರ ಕಾರಣಗಳಿಗೆ ಬರವಿರಲಿಲ್ಲ. ಪೊಲೀಸ್ ಆಕ್ಷನ್ ಆಗಿ ನಿಜಾಮರ ಆಳಿಕೆ ಮುಗಿದಿತ್ತು. ಮಿಲಿಟರಿ ಮುಂದಕ್ಕೆ ಹೋಗಿತ್ತು. ಪೊಲೀಸ್ ಠಾಣೆಯ ಹಳೆಯ ಅಮೀನರು ಕಾಣೆಯಾಗಿದ್ದರು, ಹೊಸಬರು ಇನ್ನೂ ಬಂದಿರಲಿಲ್ಲ. ಹೋದ ಬೇಸಿಗೆಯಲ್ಲಿ ನಿಜಾಮರ ಪರ ಬಂದೂಕು ಹಿಡಿದು ತಿರುಗಿದವರಿಗೆ ಹೆದರಿ ನಾವು ಬಾಗಿಲು ಹಾಕಿಕೊಂಡು ಕುಳಿತಿದ್ದೆವು. ಈಗ ಸೇಡು ತೀರಿಸುತ್ತೇವೆಂದು ಕೊಡಲಿ ಹಿಡಿದವರು ತಿರುಗುತ್ತಿದ್ದರು. ಬಂದೂಕು ಮುಟ್ಟಿದವರು, ಮುಟ್ಟದವರು ಎಂಬ ಭೇದ ಅವರಿಗಿರಲಿಲ್ಲ, ಮುಸಲ್ಮಾನರಾದರೆ ಸಾಕಿತ್ತು.

ನಮ್ಮ ಓಣಿಯ ದರ್ಜಿ ಬಟ್ಟೆ ತರಲೆಂದು ಬೀದರಿಗೆ ಹೋದವನು ತಿರುಗಿ ಬಂದಿರಲಿಲ್ಲ. ಅವನ ಹೆಂಡತಿ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ಅತ್ತೆ ಏನೂ ಕೇಳದೆ ಅವರನ್ನು ಜೋಳದ ಚೀಲಗಳಿದ್ದ ಒಳಕೋಣೆಗೆ ಕಳಿಸಿ ಕದ ಎಳೆದರು. ನನ್ನ ಗಂಡ ಓಣಿಯ ಕಡೆ ಇಣುಕಿ ನೋಡಿ ಬಂದ.

'ಯವ್ವಾ, ಗೊತ್ತಾದ್ರ ಅವ್ರನ್ನೂ ಬಿಡಂಗಿಲ್ಲ, ನಮ್ಮನ್ನೂ ಬಿಡಂಗಿಲ್ಲ.'

'ನನ್ನ ಎರಡು ಕುಬಸಾ ಇನ್ನಾ ಆಕಿ ಹತ್ರಾನೇ ಅದಾವ,' ಎಂದರು ಅತ್ತೆ. 'ಆಕಿಗಿ ಏನಾರ ಆದ್ರ ಹೊಲ್ಯೋರ್ಯಾರು?'

ಒಳಗಿನ ಮೂವರು ಕೆಮ್ಮಲಿಲ್ಲ, ಅಳಲಿಲ್ಲ. ಆದರೆ ಉಣ್ಣಬೇಕಲ್ಲ. ಮರುದಿನ ಬೆಳಿಗ್ಗೆ ನಾನು ಎಲ್ಲರಿಗೂ ಸೇರಿಸಿ ರೊಟ್ಟಿ ಬಡಿದೆ. ಕೊನೆಯದು ಹಂಚಿನ ಮೇಲಿರುವಾಗಲೇ ಹಿತ್ತಲ ಗೋಡೆಯ ಮೇಲೆ ಪಕ್ಕದ ಮನೆಯಾಕೆಯ ತಲೆ ಮೂಡಿತು.

ಆಕೆ ಕೆಟ್ಟವಳಲ್ಲ. ತನಗೆ ಗೊತ್ತಿಲ್ಲದ್ದೊಂದು ಓಣಿಯಲ್ಲಿ ಉಳಿದರೆ ಊಟ ಸೇರುತ್ತಿರಲಿಲ್ಲ, ಅಷ್ಟೆ. ಯಾರ ಮನೆಗೆ ಯಾರು ಬಂದರು, ಯಾರ ಎಮ್ಮೆ ಬತ್ತಿತು, ಎಲ್ಲವನ್ನೂ ತಿಳಿದುಕೊಂಡು ಬಾವಿಕಟ್ಟೆಯಲ್ಲಿ ಹಂಚುತ್ತಿದ್ದಳು. ಆಕೆಯ ಮೈದುನ ಆ ಕೊಡಲಿಯವರ ಜೊತೆಗಿದ್ದ.

'ಯಕ್ಕಾ, ಇವತ್ತ ನಿಮ್ಮ ಸೊಸಿ ಭಾಳ ಹೊತ್ತು ರೊಟ್ಟಿ ಬಡದಳಲ್ಲ. ಬೀಗ್ರು ಬಂದಾರೇನ್ರಿ?'

'ಎಲ್ಲಿ ಬೀಗ್ರು. ನಮ್ಮ ಹುಡುಗ ಡಾಬಕಾಕ್ಕ ಹೊಂಟಾನ, ಇಕಿ ಸೋದರತ್ತಿ ಊರಿಗಿ. ಬುತ್ತಿ ಬೇಕಲ್ಲ.'

'ಇಂಥಾ ದಿನದಾಗ? ಯಾವಾಗ ಹೋಗ್ತಾನ್ರಿ?'

'ಈಗ.'

ಹೀಗೆ, ಎಲ್ಲಿಗೂ ಹೋಗುವ ಕೆಲಸವಿಲ್ಲದ ನನ್ನ ಗಂಡ ಡಾಬಕಾಕ್ಕೆ ಹೊರಡಬೇಕಾಯಿತು. ಗಂಟು ದೊಡ್ಡದಾಗಿ ಕಾಣಲೆಂದು ಬಡಿದ ರೊಟ್ಟಿಯೆಲ್ಲ ಅದರಲ್ಲೇ ಹೋಯಿತು. ಒಳಗಿನವರಿಗೆ ಆ ದಿನ ಪುಟಾಣಿ ಕಡಲೆ, ಬೆಲ್ಲ. ಪಕ್ಕದಾಕೆ ಬಾಗಿಲಲ್ಲಿ ನಿಂತು ಅವನು ಮೂಲೆ ತಿರುಗುವವರೆಗೂ ನೋಡಿದಳು. ದಾರಿಯಲ್ಲಿ ಅವನಿಗೇನಾಗುವುದೋ ಎಂದು ನಾನು ಕೊರಗಿದೆ. ಅವನು ಸುಖವಾಗಿ ತಲುಪಿ, ಉಂಡು, ಮೈ ತುಂಬಿಕೊಂಡನೆಂದು ಆಮೇಲೆ ತಿಳಿಯಿತು.

ಮರುದಿನದಿಂದ ಇಬ್ಬರಿಗೆ ಬೇಕಾದಷ್ಟೇ ರೊಟ್ಟಿ ಬಡಿದೆ, ಆದರೆ ಒಂದೊಂದೂ ಎರಡರ ದಪ್ಪ. ಬಹಳ ಜಾಣತನ ಮಾಡಿದೆನೆಂದುಕೊಂಡೆ.

'ಯಕ್ಕಾ, ಸೊಸಿ ಕೈ ಕೆಟ್ಟದೇನ್ರಿ? ಸಪ್ಪಳಾ ಮೆತ್ತಗ ಬರ್ಲತ್ತದ. ಹಿಟ್ಟು ಭಾಳ ಹಿಡೀಲತ್ತಾಳ.'

'ಗಂಡ ಊರಾಗಿಲ್ಲ. ಕೆಲಸದಾಗ ಮನಸಿಲ್ಲ ಆಕಿಗಿ.'

ಆಕೆ 'ಹೂಂ' ಎಂದಳು. ಆ ಹೂಂ ನನ್ನನ್ನು ಇಡೀ ದಿನ ಕಾಡಿತು.

ನಮ್ಮ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಒಂದರ ಮಾಳಿಗೆಯಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಕೋಣೆಗೆ ಬೆಳಕು ಬರಲೆಂದು ಮಾಳಿಗೆಯಲ್ಲೊಂದು ತೂತು ಬಿಟ್ಟಿರುತ್ತೇವೆ, ಬೆಳಕಿಂಡಿ. ಕದಕ್ಕೆ ಚಿಲಕ ಹಾಕಿ, ಹಿತ್ತಲಿಗೆ ಅಗಳಿ ಹಾಕಿ, ಕಿಟಕಿಗೆ ಗೋಣಿ ಕಟ್ಟಿದ ನನಗೆ ತಲೆಯ ಮೇಲಿನ ತೂತು ನೆನಪಾಗಲಿಲ್ಲ. ಒಂದು ದಿನ ಮಳೆ ಬಿತ್ತು. ಮರುದಿನ ಮುಂಜಾನೆ, ಸೋರುವ ಕಡೆ ಮಣ್ಣು ತುಳಿಯುವ ನೆವದಿಂದ ಪಕ್ಕದಾಕೆ ಮೇಲೆ ಹತ್ತಿದಳು.

ನಾನು ಒಳಕೋಣೆಯಲ್ಲಿ ರೊಟ್ಟಿ ಮುರಿದು ಕೊಡುತ್ತಿದ್ದೆ. ನೆಲದ ಮೇಲೆ ಬಿದ್ದಿದ್ದ ಬಿಸಿಲಿನ ಬಿಲ್ಲೆ ತಟ್ಟನೆ ಆರಿತು. ನಾಲ್ವರೂ ತಲೆಯೆತ್ತಿದೆವು. ಬೆಳಕಿಂಡಿ ತುಂಬ ಆಕೆಯ ಮುಖ. ದರ್ಜಿಯ ಹೆಂಡತಿ ಹಿರಿಯ ಮಗಳ ಬಾಯಿ ಮುಚ್ಚಿದಳು. ಕಿರಿಯವಳು ಮಾತ್ರ, ಓಣಿಯಲ್ಲಿ ದಿನಾ ಮಾಡುವಂತೆ, ಕೈಯೆತ್ತಿ ಹಣೆಗೆ ಮುಟ್ಟಿಸಿ ಸಲಾಂ ಮಾಡಿದಳು.

ಮುಖ ಸರಿಯಿತು. ಬಿಸಿಲು ಮತ್ತೆ ನೆಲಕ್ಕೆ ಬಿತ್ತು.

'ನೋಡ್ಯಾಳ್ರೀ ಅತ್ತಿ,' ಎಂದೆ. ಅತ್ತೆ ಅವರನ್ನು ಹೊರಗೆ ಕಳಿಸಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ಅಂಗಳದಲ್ಲಿ ತಿರುಗಾಡಿದರು. ಹಗಲು ಹೊತ್ತಿನಲ್ಲಿ ಮೂವರನ್ನು ಎಲ್ಲಿಗೆ ಕಳಿಸುವುದು?

ಊಟದ ಹೊತ್ತು ಮೀರಿದ ಮೇಲೆ ಕೊಡಲಿಯವರು ಓಣಿಗೆ ಬಂದರು. ನೇರವಾಗಿ ಆಕೆಯ ಬಾಗಿಲಿಗೇ ಹೋದರು. ಓಣಿಯ ಸುದ್ದಿ ಬೇಕಾದರೆ ಇನ್ನೆಲ್ಲಿಗೆ ಹೋಗುವುದು? ನಾನು ಗೋಡೆಗೆ ಕಿವಿ ಹಚ್ಚಿದೆ. ಕಲ್ಲು ತಣ್ಣಗಿತ್ತು.

'ವೈನಿ, ಬಾಜೂ ಮನ್ಯಾಗ ರೊಟ್ಟಿ ಭಾಳ ಆಗ್ಲತ್ತಾವಂತ ಬಾವಿ ಹತ್ರ ನೀನೇ ಅಂದಿಯಂತ,' ಮೈದುನನ ದನಿ. 'ಯಾರರೇ ಅದಾರೇನು ಒಳಗ?'

'ಅಂದಿದ್ದೆ. ಆವಾಗ ಗೊತ್ತಿದ್ದಿಲ್ಲ, ಈಗ ಗೊತ್ತಾತು.'

ಒಳಕೋಣೆಯ ಕದ ಹಾಕಿದೆಯೋ ಇಲ್ಲವೋ ಎಂದು ತಿರುಗಿ ನೋಡಿದೆ.

'ಏನು?'

'ಸೊಸಿ ಬಸರಿ ಅದಾಳ. ಕುಂತು ತಿಂತಾಳ, ನಿಂತು ತಿಂತಾಳ. ಮುಂಜಾನಿ ಮಾಳಿಗಿ ಮ್ಯಾಲಿಂದ ನಾನಾ ನೋಡೀನಿ, ಜ್ವಾಳದ ಖೋಲ್ಯಾಗ ಮುಚ್ಚಿಟ್ಟುಕೊಂಡು ತಿನ್ಲತ್ತಿದ್ಳು. ಹೋಗ್ರಿ ಬೇಕಾದ್ರ, ನಿಮಗೊಂದು ತುಣುಕು ಕೊಟ್ಟಾಳೇನೋ ನೋಡ್ರಿ.'

ಯಾರೋ ನಕ್ಕರು. ಇನ್ನೊಬ್ಬ, 'ಒಮ್ಮಿ ನೋಡಿ ಬರಾಣ' ಎಂದ.

'ಬಸರಿ ಹೆಂಗಸಿನ ಮನಿಗಿ ಕೊಡ್ಲಿ ಹಿಡ್ಕೊಂಡು ಹೋಗ್ತೀರೇನು? ಹೋಗ್ರಿ. ಬಾವಿಕಟ್ಟಿ ಮ್ಯಾಲ ನಾ ಏನು ಹೇಳ್ಬೇಕು ಅದನ್ನೂ ಹೇಳಿ ಹೋಗ್ರಿ.'

ಹೆಜ್ಜೆಗಳು ಓಣಿಯ ಕೊನೆಗೆ ಹೋದವು. ನಾನು ಗೋಡೆಯಿಂದ ಕಿವಿ ತೆಗೆದೆ.

ಆಗ ನಾನು ಬಸುರಿಯಾಗಿರಲಿಲ್ಲ. ಆದರೆ ಸಂಜೆಯೊಳಗೆ ಸುದ್ದಿ ಓಣಿಯನ್ನೆಲ್ಲ ಸುತ್ತಿತು. ಒಬ್ಬರು ಉಪ್ಪಿನಕಾಯಿ ಕಳಿಸಿದರು, ಒಬ್ಬರು ಬುಟ್ಟಿ ತುಂಬ ರೊಟ್ಟಿಯನ್ನೇ ಕಳಿಸಿದರು. ಒಳಗಿನವರು ಹೊಟ್ಟೆತುಂಬ ಉಂಡರು. ನಾಳೆ ಈ ಬಸಿರಿಗೆ ಏನು ಲೆಕ್ಕ ಕೊಡಲಿ ಎಂದು ನಾನು ಉಣ್ಣಲಾರದೆ ಕುಳಿತೆ.

ಮಾರನೆಯ ದಿನ ಹಿತ್ತಲಲ್ಲಿ ಆಕೆಯನ್ನು ಕೇಳಿದೆ: 'ಯಾಕ ಹೇಳ್ಲಿಲ್ರಿ ಕಾಕು?'

'ನೋಡ್ಬೇಕಾಗಿತ್ತು, ನೋಡಿದೆ. ಆ ಕೂಸು ಸಲಾಂ ಮಾಡ್ತು. ಕೂಸಿನ ಸಲಾಂ ತಗೊಂಡ ಮ್ಯಾಲ ಮುಗೀತಲ್ಲ.'

ಕೆಲವು ದಿನಗಳಲ್ಲಿ ಊರಿಗೆ ಮಿಲಿಟರಿ ಕಾವಲು ಬಂತು. ಹೀಗೆ ಅಡಗಿ ಕುಳಿತವರನ್ನು ಬೀದರಿಗೆ ಕರೆದೊಯ್ಯಲು ಲಾರಿ ನಿಂತಿತು. ದರ್ಜಿಯ ಹೆಂಡತಿ ಲಾರಿಯ ಹಿಂಬದಿಯ ಹಲಗೆ ಹಿಡಿದು ನಿಂತಳು, ಹತ್ತಲಿಲ್ಲ. ಲಾರಿ ಎಲ್ಲಿಗೆ ಒಯ್ಯುತ್ತದೋ ಯಾರಿಗೆ ಗೊತ್ತು? ಅತ್ತೆಗೂ ಸಿಪಾಯಿಯನ್ನು ಕೇಳುವ ಧೈರ್ಯವಾಗಲಿಲ್ಲ. ಪಕ್ಕದಾಕೆ ಜನರನ್ನು ಸರಿಸಿಕೊಂಡು ಮುಂದೆ ಬಂದಳು.

'ಬೀದರ್ ಮೇ ಕಿದರ್ ಉತಾರ್ತೆ ಭೈಯಾ?'

'ಕಿಲೇ ಕೆ ಪಾಸ್,' ಎಂದ ಲಾರಿಯ ಡ್ರೈವರ್.

'ಕಿಲೇ ಕೆ ಪಾಸ್ ಕಿದರ್?'

ಕೋಟೆಯ ಹತ್ತಿರ ಅಂದರೆ ಎಲ್ಲಿ ಇಳಿಸುತ್ತೀರಿ, ಯಾವ ದಾರಿ, ನಡುವೆ ಎಲ್ಲಿ ನಿಲ್ಲುತ್ತೀರಿ, ಹೆಂಗಸರಿಗೆ ಬೇರೆ ಜಾಗ ಇದೆಯೇ, ಅಡುಗೆ ಯಾರದು, ಅಲ್ಲಿ ಭಾಲ್ಕಿಯ ದರ್ಜಿ ಒಬ್ಬನನ್ನು ಕಂಡಿರಾ. ಡ್ರೈವರ್ ಸಾಕಾಗಿ, ಅಷ್ಟು ಸಂಶಯವಿದ್ದರೆ ನೀನೇ ಬಂದು ನೋಡು ಎಂದ. ಹೇಗೂ ಬೀದರಿನಲ್ಲಿ ಆಕೆಯ ತಂಗಿಯ ಮನೆಯಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿಯೇಬಿಟ್ಟಳು. ಆಮೇಲೆ ದರ್ಜಿಯ ಹೆಂಡತಿ ಮಕ್ಕಳನ್ನು ಎತ್ತಿ ಕೊಟ್ಟು ತಾನೂ ಹತ್ತಿದಳು.

ಮರುದಿನ ಇಡೀ ನಾನು ದಾರಿಯಲ್ಲಿ ಬಿದ್ದಿರಬಹುದಾದ ನಾಲ್ಕು ಹೆಣಗಳ ಬಗ್ಗೆ ಚಿಂತಿಸಿದೆ. ಸಂಜೆ ಯಾರದೋ ಎತ್ತಿನ ಗಾಡಿಯಿಂದ ಆಕೆ ಇಳಿದಳು. ಕಾಲು ತೊಳೆಯದೆ ನಮ್ಮ ಕಟ್ಟೆಯ ಮೇಲೆ ಕುಳಿತು, ದರ್ಜಿ ಅಲ್ಲೇ ಇದ್ದಾನೆಂದೂ, ಗಡ್ಡ ಬೆಳೆದಿದೆಯೆಂದೂ, ಮೂವರನ್ನೂ ಕಂಡು ಮೊದಲು ಸಿಟ್ಟು ಮಾಡಿ ಆಮೇಲೆ ಅತ್ತನೆಂದೂ ಹೇಳಿದಳು. ಯಾರ ಮನೆಯ ಸುದ್ದಿಯನ್ನೂ ಎಂದೂ ಕೇಳದ ನಮ್ಮ ಅತ್ತೆ ಆಕೆಯ ಪಕ್ಕಕ್ಕೆ ಸರಿದು ಕುಳಿತರು.

'ಮುಂದ?' ಎಂದರು. 'ಮುಂದೇನಾತು ಹೇಳು.'