ನಾಮದ ಬಾತು ತೋರಿಸಿದವರು

ಮೊನ್ನೆ ಮಂಡ್ಯದ ಬಸ್ಸಿನಲ್ಲಿ ಪಕ್ಕ ಕೂತಿದ್ದವರ ಕಿವಿಯಲ್ಲಿ ಹಚ್ಚದ ಬೀಡಿಯೊಂದಿತ್ತು. ಅವರು ಇಳಿಯುವವರೆಗೂ ನಾನು ಅದನ್ನೇ ನೋಡುತ್ತಿದ್ದೆ. ನಮ್ಮ ನೀರುಗಂಟಿಯವರೂ ಹಾಗೇ ಸಿಕ್ಕಿಸಿಕೊಳ್ಳುತ್ತಿದ್ದರು. ಕೆರೆಯಲ್ಲಿ ಹಕ್ಕಿಗಳಿದ್ದಾಗ ಮಾತ್ರ ಹಚ್ಚುತ್ತಿರಲಿಲ್ಲ...

ತೊಂಬತ್ತರ ದಶಕದ ನಡುವೆ ನಾನು ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಹೋದೆ. ಕೊರಳಲ್ಲಿ ಬೈನಾಕ್ಯುಲರ್, ಕೈಯಲ್ಲಿ ಹಕ್ಕಿ ಪುಸ್ತಕ, ತಲೆಯಲ್ಲಿ ಎಲ್ಲ ಬಲ್ಲೆನೆಂಬ ಗತ್ತು. ಊರ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು ನೀರುಗಂಟಿಯವರ ಕೆಲಸ. ದಿನಾ ಬೆಳಿಗ್ಗೆ ಏರಿಯ ಈ ತುದಿಯಿಂದ ಆ ತುದಿಗೆ ನಡೆದು, ತೂಬಿನ ಕಲ್ಲಿನಲ್ಲಿ ನೀರು ಎಷ್ಟು ಇಳಿದಿದೆ ಎಂದು ನೋಡುವರು. ಹಕ್ಕಿಗಳನ್ನು ನೋಡುವುದೂ ಅದರ ಜೊತೆಗೇ. ಗಣೇಶನ ಹಬ್ಬ ಕಳೆದ ಮೇಲೆ, ಬಾಲ ಕುಣಿಸುವ ಸಿಪಿಲೆ ಬಂತೆಂದು ನಾನು ಬರೆದುಕೊಳ್ಳುವ ಹೊತ್ತಿಗೆ ಅದು ಬಂದು ನಾಲ್ಕು ದಿನವಾಯಿತು ಎನ್ನುತ್ತಿದ್ದರು.

ದೀಪಾವಳಿ ಆಸುಪಾಸಿಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಇಳಿದವು, ಸುಮಾರು ಮೂವತ್ತು. ನಾನು ಆ ಹೆಸರು ಹೇಳಿದೆ. ಅವರು ಬೈನಾಕ್ಯುಲರಿನಲ್ಲಿ ಬಹಳ ಹೊತ್ತು ನೋಡಿ ನಕ್ಕರು.

"ಅಂಗಂದ್ರೆ ಯಾರ್ಗೆ ಗೊತ್ತಾಯ್ತದೆ ಮೇಡಮ್ಮೋರೆ? ನಾವು ನಾಮದ ಬಾತು ಅಂತೀವಿ. ನೋಡಿ, ಮೇಲುಕೋಟೆಗೆ ಒಂಟವ್ರಂಗೆ ತಲೆ ಮ್ಯಾಲೆ ನಾಮ ಎಳ್ಕಂಡವೆ."

ನನಗೆ ಖುಷಿ ತಡೆಯಲಾಗಲಿಲ್ಲ. ಪತ್ರಿಕೆಗೆ ಬರೆದೆ. ಊರು, ಕೆರೆ, ಯಾವ ಬಸ್ಸು ಹತ್ತಬೇಕು, ಏರಿಯ ಯಾವ ಕಡೆ ನಿಂತರೆ ಚೆನ್ನಾಗಿ ಕಾಣುತ್ತವೆ, ಎಲ್ಲವನ್ನೂ ಬರೆದೆ. ಅಚ್ಚಾದ ದಿನ ಅವರಿಗೆ ಓದಿ ಹೇಳಿದೆ. ಅವರು ಕಿವಿಯ ಬೀಡಿ ಸರಿಮಾಡಿಕೊಂಡು ತೂಬಿನ ಕಡೆ ನಡೆದರು. ಸಂಕೋಚವಿರಬೇಕು ಅಂದುಕೊಂಡೆ.

ಮುಂದಿನ ಭಾನುವಾರ ಬೆಳಿಗ್ಗೆ ಕೆರೆಗೆ ಹೋದರೆ, ಅವರು ಸೀಮೆಎಣ್ಣೆ ಡಬ್ಬ ಬಡಿಯುತ್ತ ಏರಿಯ ಮೇಲೆ ಓಡುತ್ತಿದ್ದರು. ಬಾತುಗಳೆಲ್ಲ ಗಾಬರಿಯಾಗಿ ಮೇಲೆದ್ದಿದ್ದವು. ಭತ್ತ ತಿನ್ನುತ್ತವೆಂದು ಓಡಿಸುತ್ತಿದ್ದಾರೆ ಅಂದುಕೊಂಡು ನನಗೆ ಮೈ ಉರಿದುಹೋಯಿತು. ನಿಮಗೇನು ತಲೆ ಕೆಟ್ಟಿದೆಯಾ ಎಂದು ಕೂಗಾಡಿಬಿಟ್ಟೆ. ನನ್ನ ತಂದೆಯ ವಯಸ್ಸಿನವರು... ಅವರು ಡಬ್ಬ ಬಡಿಯುತ್ತಲೇ ಇದ್ದರು.

ಏರಿಯ ಕೆಳಗೆ ಜೀಪು ನಿಂತಿದ್ದು ಆಮೇಲೆ ಕಂಡಿತು. ಕೋವಿ ಹಿಡಿದ ಇಬ್ಬರು ಇಳಿದಿದ್ದರು. ಅವರಲ್ಲೊಬ್ಬ ನನ್ನ ಹತ್ತಿರ ಬಂದು ಮರ್ಯಾದೆಯಿಂದಲೇ ಕೇಳಿದ, "ಪೇಪರಲ್ಲಿ ಬಂದಿದ್ದು ಇದೇ ಕೆರೆ ಅಲ್ವಾ ಮೇಡಂ?" ಅವನ ಕೈಯಲ್ಲಿ ಕತ್ತರಿಸಿಟ್ಟ ನನ್ನ ಲೇಖನವಿತ್ತು.

ಬಾತುಗಳು ಕೋವಿಗೆ ಸಿಗದಷ್ಟು ಎತ್ತರಕ್ಕೆ ಏರಿ ಹೇಮಾವತಿಯ ಕಡೆ ತಿರುಗಿದವು. ಜೀಪೂ ಹೋಯಿತು. ನೀರುಗಂಟಿಯವರು ಡಬ್ಬ ಕೆಳಗಿಟ್ಟು ಏದುಸಿರು ಬಿಡುತ್ತ ಕೂತರು.

"ಬರೀರಿ, ಬ್ಯಾಡ ಅನ್ನಾಕಿಲ್ಲ. ಜಾಗ ಯಾಕ್ ಬರುದ್ರಿ?"

ನಾನು ಅಲ್ಲೇ ನಿಂತು ಅತ್ತೆ. ಆ ವರ್ಷ ಬಾತುಗಳು ಮತ್ತೆ ನಮ್ಮ ಕೆರೆಗೆ ಇಳಿಯಲಿಲ್ಲ. ಅವರೂ ನನ್ನೊಡನೆ ಹಕ್ಕಿಯ ಮಾತಾಡಲಿಲ್ಲ. ಎದುರು ಸಿಕ್ಕರೆ ಊಟ ಆಯ್ತಾ ಎಂದು ಕೇಳಿ ಮುಂದೆ ಹೋಗುವರು. ಅದರ ಬದಲು ಬೈದಿದ್ದರೆ ವಾಸಿಯಿತ್ತು. ಹಕ್ಕಿಗಳಿಗಿಂತ ಹೆಚ್ಚಾಗಿ ಅವರನ್ನೇ ಕಳೆದುಕೊಂಡೆ ಎಂದು ಇಡೀ ವರ್ಷ ಕೊರಗಿದೆ.

ಮರುವರ್ಷ ದೀಪಾವಳಿ ಕಳೆದು ಎರಡು ವಾರವಾಗಿತ್ತು. ಒಂಬತ್ತನೇ ತರಗತಿಗೆ ಪಾಠ ಮಾಡುತ್ತಿದ್ದಾಗ ಅವರು ಬಾಗಿಲಲ್ಲಿ ನಿಂತಿದ್ದರು. ಮೊಣಕಾಲವರೆಗೂ ಕೆಸರು. ಪುಸ್ತಕ ಮೇಜಿನ ಮೇಲಿಟ್ಟು ಹೊರಗೆ ಹೋದೆ. ಯಾರಿಗೂ ಕೇಳಿಸದಂತೆ ಅಂದರು:

"ಬಂದವೆ. ನಿಮ್ಗೆ ಯೋಳ್ದೆ ಇರಕ್ಕಾಗ್ನಿಲ್ಲ."

ಅವರು ತೀರಿಕೊಂಡು ಬಹಳ ವರ್ಷಗಳಾದವು. ಈಗ ಯಾವ ಹಕ್ಕಿ ಎಲ್ಲಿ ಇಳಿಯಿತೆಂದು ಅರ್ಧ ಗಂಟೆಯೊಳಗೆ ಮೊಬೈಲಿಗೆ ಬರುತ್ತದೆ, ನಕ್ಷೆಯ ಸಮೇತ. ನಾಮದ ಬಾತುಗಳ ಸುದ್ದಿ ಈ ಸಲವೂ ಬಂತು. ತಪ್ಪು ಮಾಡಿದವಳನ್ನು ಮತ್ತೆ ನಂಬಿ, ಕೆಸರುಗಾಲಲ್ಲಿ ನಡೆದುಬಂದು ಹೇಳುವವರು ಮಾತ್ರ ಇಲ್ಲ.